ಸಾಕ್ಷಿ ಮೀನಿನ ತಲೆ

ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಕದ್ದು ಕಡಲಿಗಿಳಿದ ಬಚ್ಚ ಮರಕಾಲ, ದೊಡ್ಡದೊಂದು ಟ್ಯೂನಾ ಸಮೇತ ದಡದಲ್ಲೇ ಸಿಕ್ಕಿಬಿದ್ದ. ಮೀನುಗಾರಿಕೆ ಇಲಾಖೆಯ ಸಾಹೇಬರು ಊರಿಗೇ ಕೇಳುವಂತೆ ಅಬ್ಬರಿಸಿದರು: "ಹಿಡಿದವನಿಗೂ ದಂಡ, ಮಾರಿದವನಿಗೂ ದಂಡ, ತಿಂದವನಿಗೂ ದಂಡ! ಈ ಮೀನು ಸಾಕ್ಷಿ!"

ಸಾಕ್ಷಿ ಜೀಪು ಹತ್ತಿತು.

ವಾರದ ಮೇಲೆ ವಿಚಾರಣೆ. ಬಚ್ಚನ ಜೊತೆ ಹೆಂಡತಿ ಅಕ್ಕುವೂ ಬುಟ್ಟಿ ಹೊತ್ತು ಕಚೇರಿಗೆ ಬಂದಳು.

"ದೋಣಿ ಜಪ್ತಿ," ಎಂದರು ಸಾಹೇಬರು.

"ಸಾಕ್ಷಿ ಎಲ್ಲುಂಟು ಸಾಹೇಬ್ರೆ?" ಅಂದಳು ಅಕ್ಕು.

"ಕೊಳೆತು ನಾರುತ್ತಿತ್ತು. ಇಡೀ ಮೀನು ಹೂಳಿಸಿಬಿಟ್ಟೆ."

ಅಕ್ಕು ಬುಟ್ಟಿಯೊಳಗಿನ ಐಸು ಸರಿಸಿ, ಟ್ಯೂನಾದ ತಲೆ ತೆಗೆದು ಮೇಜಿನ ಮೇಲಿಟ್ಟಳು.

"ಈ ಬಂದರಲ್ಲಿ ದೊಡ್ಡ ಮೀನು ಕೊಯ್ಯುವವಳು ನಾನೊಬ್ಬಳೇ. ಅವತ್ತು ನಿಮ್ಮ ಡ್ರೈವರ್ ಇದನ್ನೇ ತಂದು, 'ಸಾಹೇಬ್ರ ಮನೆಗೆ, ಸಾರಿನ ತುಂಡು ಮಾಡು' ಅಂದ. ಕೊಯ್ದ ಕೂಲಿಗೆ ತಲೆ ನಂದು, ಅದು ಇಲ್ಲಿನ ಪದ್ಧತಿ. ಬಾಯಲ್ಲಿ ನನ್ನ ಗಂಡನ ಗಾಳ ಇನ್ನೂ ಉಂಟು, ಕಾಣಿ."

ಸಾಹೇಬರು ಫೈಲು ಮುಚ್ಚಿದರು. "ಆಯ್ತಮ್ಮಾ, ಕೇಸೂ ಇಲ್ಲ, ಜಪ್ತಿಯೂ ಇಲ್ಲ. ಆ ತಲೆ ತಕೊಂಡು ಹೋಗು."

ಬಚ್ಚ ಆಗಲೇ ಬಾಗಿಲಲ್ಲಿದ್ದ. ಅಕ್ಕು ಕುರ್ಚಿ ಎಳೆದು ಕೂತಳು.

"ಕೇಸು ಬಿಡಬೇಡಿ ಸಾಹೇಬ್ರೆ, ಬರೀರಿ. ಹಿಡಿದವ ಬಚ್ಚ ಮರಕಾಲ. ತಿಂದವರ ಹೆಸರು ನಾನು ಹೇಳುದಾ, ನೀವೇ ಬರೀತೀರಾ?"