ಜಾಗ ಬದಲಿಸಿದ ಗುಂಡು

ಫಕೀರವ್ವನ ಕೆಟ್ಟ ಹೆಗಲ ಕೀಲು ಬದಲಿಸಲೆಂದು ಒಂದು ಲೋಹದ ಗುಂಡು, ಒಂದು ಬಟ್ಟಲು ಬಂದವು. ಎಲ್ಲರ ಮೈಯಲ್ಲೂ ಗುಂಡು ತೋಳ ಮೂಳೆಯ ಮೇಲ್ತುದಿಗೆ, ಬಟ್ಟಲು ಹೆಗಲ ಮೂಳೆಗೆ. ಆಪರೇಷನ್ ಮಾಡಿದ ಡಾಕ್ಟರು ಎರಡನ್ನೂ ಉಲ್ಟಾ ಕೂರಿಸಿಬಿಟ್ಟರು.

"ಏನಯ್ಯಾ ಬಟ್ಟಲು, ಇವರು ಚಿತ್ರವನ್ನು ತಲೆಕೆಳಗೆ ಹಿಡಿದಿದ್ದರಾ?" ಎಂದು ಗುಂಡು ಕೇಳಿತು.

"ತೋಳೆತ್ತುವ ಹಳೇ ಸ್ನಾಯು ಹರಿದಿದೆ ಅಣ್ಣಾ. ಇದು ಹೊಸ ಉಪಾಯ. ನೀನು ಹೆಗಲ ಮೂಳೆಯಲ್ಲಿ ಗಟ್ಟಿಯಾಗಿ ನಿಂತರೆ ಹೆಗಲ ಮೇಲಿನ ದಪ್ಪ ಸ್ನಾಯುವೇ ಎತ್ತುತ್ತದಂತೆ."

"ಎತ್ತದಿದ್ದರೆ?"

"ಅವ್ವನ ತುರುಬನ್ನು ಸೊಸೆಯೇ ಕಟ್ಟಬೇಕು. ಆಕೆ ಕೂದಲು ಕಿತ್ತು ಬರುವ ಹಾಗೆ ಎಳೆಯುತ್ತಾಳೆ."

ನೋಡೇಬಿಡೋಣ ಎಂದು ಗುಂಡು ಬಿಗಿಯಾಗಿ ಕುಳಿತಿತು. ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ತೋಳು ಮೆಲ್ಲಗೆ ಮೇಲೇರಿ, ಬೆರಳುಗಳು ತಲೆ ಮುಟ್ಟಿದವು.

"ಈ ಜಾಗ ನನ್ನದೇ ಅಂತ ಮೊದಲೇ ಹೇಳಿರಲಿಲ್ವಾ?" ಎಂದಿತು ಗುಂಡು.

ಬಟ್ಟಲು ತೋಳಿನ ಜೊತೆ ಗುಂಡಿನ ಮೇಲೆ ಅತ್ತಿತ್ತ ಜಾರುತ್ತಲೇ ಇತ್ತು. ಅವ್ವ ತುರುಬು ಕಟ್ಟಿಕೊಳ್ಳುತ್ತಿದ್ದಳು.