ಮಣ್ಣಿಲ್ಲದ ಸೊಪ್ಪಿಗೆ ಪಿಳ್ಳಪ್ಪನ ಕಾವಲು

ಕೇಳ್ರಪ್ಪ. ಒಬ್ಬಳು ಅಮ್ಮ, ಒಬ್ಬ ಮಗ. ಅಮ್ಮ ಅಕ್ಕಯಮ್ಮ. ಮಗ ಪಿಳ್ಳಪ್ಪ. ಆಳು ಬಾಗಿಲುದ್ದ. ಬುದ್ಧಿ ಮಾತ್ರ ಹೊಸಲು ದಾಟಿರಲಿಲ್ಲ. ಆದರೆ ಹೇಳಿದ ಮಾತು ಮೀರೋನಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಮುಳಬಾಗಿಲು ಕಡೆ ಊರು. ಸುತ್ತ ಎಲ್ಲರದ್ದೂ ಟೊಮೆಟೊ. ಅಕ್ಕಯಮ್ಮನ ಗಂಡ ಒಬ್ಬನೇ ಬೇರೆ ದಾರಿ ಹಿಡಿದ. ಮನೆ ಹಿಂದೆ ಹಸಿರು ಬಲೆಯ ಶೆಡ್ಡು ಹಾಕಿದ. ಶೆಡ್ಡಲ್ಲಿ ಪೈಪಿನ ಸಾಲು. ಪೈಪಿಗೆ ತೂತು, ತೂತಿಗೊಂದು ಬಟ್ಟಲು, ಬಟ್ಟಲಿಗೊಂದು ಸಸಿ. ಮಣ್ಣೇ ಇಲ್ಲ. ತೊಟ್ಟಿ ನೀರಿಗೆ ಗೊಬ್ಬರದ ಪುಡಿ ಕಲಸಬೇಕು. ಮೋಟರು ಹಾಕಿದರೆ ನೀರು ಪೈಪಲ್ಲಿ ಹರೀತದೆ, ಬೇರು ನೆನೆಸ್ತದೆ, ತಿರುಗಿ ತೊಟ್ಟಿಗೆ ಬೀಳ್ತದೆ. ಅಷ್ಟೇ ಬೇಸಾಯ. ಎಲ್ಲ ಕಟ್ಟಿ ಮುಗಿಸಿದ. ಮೊದಲ ಸಸಿ ಇಡೋ ಹೊತ್ತಿಗೆ ಅವನೇ ಇರಲಿಲ್ಲ.

ಅಕ್ಕಯಮ್ಮ ಬಿಡಲಿಲ್ಲ. ಹೋಟೆಲಿಗೆ ಸೊಪ್ಪು ಕೊಡೋ ಖಾದರ್ ಸಾಬ್ರನ್ನ ಕಂಡು ಬಂದಳು. ಸಾಬ್ರು ಅಂದರು, "ಐವತ್ತು ದಿನ ಬಿಟ್ಟು ಶುಕ್ರವಾರ ಬರ್ತೀನಮ್ಮ. ಲೆಟ್ಯೂಸ್ ಸೊಪ್ಪು ನಿಂತಿದ್ದರೆ ವಾರ ವಾರ ನಾನೇ ತಗೊಳ್ತೀನಿ. ಬಾಡಿದ್ದರೆ ಈ ದಾರಿ ತುಳಿಯಲ್ಲ."

ಅವರು ತುಳಿಯದಿದ್ದರೆ ಶೆಡ್ಡು ಬಿಚ್ಚಬೇಕು. ಮೈದುನ ಆಗಲೇ ಹಗ್ಗ ಹಿಡಿದು ಜಾಗ ಅಳೆದು ಹೋಗಿದ್ದ. ಗಂಡ ಕೈಯಾರೆ ಕಟ್ಟಿದ ಶೆಡ್ಡು ಅದು.

"ಪಿಳ್ಳ, ಸಸಿ ಕೂರಿಸು. ಸುತ್ತ ಸ್ಪಂಜು ಸುತ್ತು. ಟೊಮೆಟೊ ಸಸಿ ಕೂರಿಸ್ತೀಯಲ್ಲ, ಹಂಗೇ ಮೆತ್ತಗೆ."

"ಆಗಲಮ್ಮ."

ಸ್ಪಂಜು ಸುತ್ತಿದ. ಟೊಮೆಟೊಗೆ ಮಾಡೋ ಹಂಗೇ ಮಾಡಿದ. ಬಟ್ಟಲಿಗೊಂದು ಹಿಡಿ ಕೆಮ್ಮಣ್ಣು ಹಾಕಿ ಹೆಬ್ಬೆರಳಲ್ಲಿ ಅದುಮಿದ. ಪೈಪೆಲ್ಲ ಕೆಸರು. ನೀರು ಕಟ್ಟಿಕೊಂಡಿತು. ಅರ್ಧ ಸಸಿ ಹೋಯಿತು.

"ಲೇ ಪೆದ್ದ! ಇದೇನೋ!"

"ಟೊಮೆಟೊ ಹಂಗೇ ಅಂದೆಯಲ್ಲಮ್ಮ."

"ಈ ಶೆಡ್ಡಿಗೆ ಮಣ್ಣು ಸೋಕಬಾರದು! ಸೋಕಿದರೆ ಸತ್ತಂಗೆ! ಏನೇ ಬರಲಿ, ಮಣ್ಣು ಅಂಟಿದ್ದರೆ ಮೊದಲು ತೊಳಿ. ಚೆನ್ನಾಗಿ ತೊಳಿ!"

"ಆಗಲಮ್ಮ, ತೊಳೀತೀನಿ."

ನಾಲ್ಕು ದಿನಕ್ಕೆ ಗೊಬ್ಬರದ ಪುಡಿ ಬಸ್ಸಲ್ಲಿ ಬಂತು. ಪಿಳ್ಳಪ್ಪ ಹೊತ್ತು ತಂದ. ದಾರೀಲಿ ಒಂದು ಸಲ ಕೆಳಗಿಳಿಸಿದ್ದ. ಚೀಲಕ್ಕೆ ಕೆಮ್ಮಣ್ಣು ಅಂಟಿತ್ತು. ನಲ್ಲಿ ಕೆಳಗೆ ಹಿಡಿದ. ಹೊರಗೆ ತೊಳೆದ. ಬಾಯಿ ಬಿಚ್ಚಿ ಒಳಗೂ ತೊಳೆದ. ಮೋರಿ ತುಂಬ ಬೆಳ್ಳನೆ ನೀರು.

"ನೋಡಮ್ಮ, ಚೊಕ್ಕ!"

ಚೊಕ್ಕವೇ. ಒಳಗೆ ಒಂದು ಚಿಟಿಕೆ ಇರಲಿಲ್ಲ. ಅಕ್ಕಯಮ್ಮ ತಲೆ ಮೇಲೆ ಕೈ ಹೊತ್ತು ಕೂತಳು.

"ಅಯ್ಯೋ ದಡ್ಡ! ಅದಕ್ಕೆ ನೀರು ತಾಕಿಸ್ತಾರೇನೋ? ಬಾಯಿ ಬಿಗಿಯಾಗಿ ಕಟ್ಟಿ ಅಟ್ಟದ ಮೇಲೆ ಇಡಬೇಕಿತ್ತು!"

"ಆಗಲಮ್ಮ, ಕಟ್ಟಿ ಇಡ್ತೀನಿ."

ಅವಳು ಪುಡಿ ಹುಡುಕಿಕೊಂಡು ಪಕ್ಕದ ತಾಲೂಕಿಗೆ ಹೋದಳು. ಅವತ್ತೇ ಹೊಸ ಸಸಿ ಬಂತು. ಪಿಳ್ಳಪ್ಪ ಚೀಲಕ್ಕೆ ತುಂಬಿದ. ಬಾಯಿ ಬಿಗಿದ. ಅಟ್ಟಕ್ಕೆ ಹಾಕಿದ. ಮೇಲೆ ತಗಡಿನ ಸೂರು, ಬೇಸಗೆ ಬಿಸಿಲು.

ಸಂಜೆ ಅವಳು ಬಿಚ್ಚಿ ನೋಡಿದಾಗ ಸಸಿ ಕೊರಳು ಮುರಿದಂಗೆ ಬಿದ್ದಿದ್ದವು.

"ಉಸಿರಿರೋದನ್ನ ಕಟ್ಟಿ ಇಟ್ಟೆಯೇನೋ ಪಾಪಿ! ಮೈ ಬಿಸಿಯಾಗಿ ಸುಸ್ತಾದರೆ ನೆರಳಿಗೆ ತರಬೇಕು. ಸುಧಾರಿಸ್ಕೊಳ್ಳೋಕೆ ಬಿಡಬೇಕು!"

"ಆಗಲಮ್ಮ, ನೆರಳಿಗೆ ತರ್ತೀನಿ."

ಒಂದೊಂದೇ ಸಸಿ ಎತ್ತಿ ನೀರು ಚಿಮುಕಿಸಿದಳು. ಮುಕ್ಕಾಲು ಪಾಲು ಉಳಿದವು. ಆಮೇಲೆ ಪಿಳ್ಳಪ್ಪನಿಗೆ ಏನೂ ಹೇಳಲಿಲ್ಲ. ಎಲ್ಲ ತಾನೇ ಮಾಡಿದಳು. ಸೊಪ್ಪು ಬೆಳೆಯಿತು. ಸಾಲು ಸಾಲು ಹಸಿರು. ಬೆಳಿಗ್ಗೆ ಎದ್ದು ನೋಡೋಳು. ಮಲಗೋ ಮುಂಚೆ ನೋಡೋಳು. ಗಂಡ ನೋಡಲಿಲ್ಲವಲ್ಲ ಅನ್ನೋಳು.

ಶುಕ್ರವಾರ ಬಂತು. ಅನ್ನ ಬೇಡ, ನೀರು ಬೇಡ ಅವಳಿಗೆ. ಸಾಬ್ರಿಗೆ ದಾರಿ ತೋರಿಸೋಕೆ ದೊಡ್ಡ ರಸ್ತೆಗೆ ಹೋಗಿ ಬಿಸಿಲಲ್ಲಿ ನಿಂತಳು. ನಿಂತೇ ಇದ್ದಳು. ಮಧ್ಯಾಹ್ನ ಸಾಬ್ರ ಫೋನು ಬಂತು, "ಟಯರ್ ಪಂಕ್ಚರ್ ಆಗಿದೆ. ಇನ್ನೂ ಎರಡು ಗಂಟೆ ಆಗ್ತದಮ್ಮ. ನಾನೇ ಕೇಳ್ಕೊಂಡು ಬರ್ತೀನಿ."

ತಿರುಗಿ ಬಂದಳು. ಶೆಡ್ಡು ಹೊಕ್ಕಳು. ಸದ್ದೇ ಇಲ್ಲ. ನೀರಿನ ಸದ್ದಿಲ್ಲ, ಮೋಟರಿನ ಸದ್ದಿಲ್ಲ. ಎಲೆ ಎಲ್ಲ ಜೋತು ಬಿದ್ದಿದ್ದವು.

"ಪಿಳ್ಳಾ! ಮೋಟರೆಲ್ಲೋ?"

"ಶ್! ಮೆಲ್ಲಗೆ ಮಾತಾಡಮ್ಮ. ಹುಣಸೆ ಮರದ ನೆರಳಲ್ಲಿ ಮಲಗಿದೆ. ಮುಟ್ಟಿ ನೋಡಿದೆ, ಮೈ ಸುಡ್ತಿತ್ತು. ಪಾಪ, ಸುಸ್ತು."

ಅಕ್ಕಯಮ್ಮ ಬೈಯಲಿಲ್ಲ. ಬೈಯೋಕೆ ಹೊತ್ತಿರಲಿಲ್ಲ. ಕೊಡ ಎತ್ತಿದಳು. ತೊಟ್ಟೀಲಿ ತುಂಬಿದಳು, ಪೈಪಿಗೆ ಸುರಿದಳು. ತುಂಬಿದಳು, ಸುರಿದಳು.

"ಮೋಟರು ತಾರೋ! ಓಡೋ!"

ತಂದ. ಪೈಪು ಸಿಕ್ಕಿಸಿದಳು. ವೈರು ಹಾಕಿದಳು. ಮೋಟರು ಗುರ್ ಅಂತು. ನೀರು ಹರಿಯಿತು.

"ಕೇಳೋ ಪಿಳ್ಳ. ಬಾಡಿದ್ದಕ್ಕೆ ನೀರೇ ಜೀವ. ಬೇರು ನೀರಲ್ಲಿರಬೇಕು. ಯಾರೇ ಬರಲಿ, ಏನೇ ಆಗಲಿ, ನೀರು ನಿಲ್ಲಬಾರ..."

ಮಾತು ಮುಗಿಯಲಿಲ್ಲ. ಕಣ್ಣು ಮೇಲಾಯಿತು. ಶೆಡ್ಡಿನ ಬಾಗಿಲಲ್ಲಿ, ಮಣ್ಣ ಮೇಲೆ ಬಿದ್ದಳು.

"ಅಮ್ಮಾ."

ಭುಜ ಹಿಡಿದು ಅಲ್ಲಾಡಿಸಿದ.

"ಅಮ್ಮಾ, ಬೈಯಮ್ಮ. ಈಗೇನು ಮಾಡಲಿ, ಹೇಳಮ್ಮ."

ಹೇಳೋರು ಯಾರೂ ಇಲ್ಲ. ಪಿಳ್ಳಪ್ಪ ನೋಡಿದ. ತುಟಿ ಒಣಗಿತ್ತು. ಕೊರಳು ವಾಲಿತ್ತು. ಅಪ್ಪನೂ ಹೀಗೇ ಮಾತಾಡದೆ ಮಲಗಿದ್ದ. ಅಪ್ಪನನ್ನ ಮಣ್ಣಿಗೆ ಇಟ್ಟರು. ಅಪ್ಪ ಏಳಲೇ ಇಲ್ಲ.

ಮಣ್ಣು ಸೋಕಬಾರದು!

ಅಮ್ಮನನ್ನ ಬಾಚಿ ಎತ್ತಿದ. ಮಣ್ಣು ತೊಳೆದ, ಚೆನ್ನಾಗಿ ತೊಳೆದ. ಶೆಡ್ಡಿನೊಳಗೆ ನೆರಳಿಗೆ ತಂದ. ಬಟ್ಟಲು ಬೇಕಲ್ಲ? ಟೊಮೆಟೊ ತುಂಬೋ ಪ್ಲಾಸ್ಟಿಕ್ ಕ್ರೇಟು ತಂದ. ಅದಕ್ಕೂ ಮೈ ತುಂಬ ತೂತು. ಕ್ರೇಟನ್ನ ತೊಟ್ಟಿಯೊಳಗಿಟ್ಟ. ಅಮ್ಮನನ್ನ ಅದರಲ್ಲಿ ಕೂರಿಸಿದ. ಕಾಲು ನೀರಿಗೆ ಬಿಟ್ಟ. ಸ್ಪಂಜು? ಮನೆಗೆ ಓಡಿ ಸ್ಪಂಜಿನ ಹಾಸಿಗೆ ತಂದ. ಅಲ್ಲಾಡದ ಹಾಗೆ ಕೊರಳವರೆಗೆ ಸುತ್ತಿದ. ಚೊಂಬು ಹಿಡಿದ. ತಲೆಗೆ ಸುರಿದ. ತುಂಬಿದ, ಸುರಿದ. ತುಂಬಿದ, ಸುರಿದ. ಕಣ್ಣಲ್ಲೂ ನೀರು ನಿಲ್ಲಲಿಲ್ಲ.

"ನೀರು ನಿಲ್ಲಬಾರದು. ನೀರು ನಿಲ್ಲಬಾರದು."

ಎಷ್ಟು ಹೊತ್ತೋ. ಹೊರಗೆ ಜೀಪು ನಿಂತಿತು. ಖಾದರ್ ಸಾಬ್ರು ಒಳಗೆ ಬಂದರು. ಎಲೆ ತಲೆ ಎತ್ತಿದ್ದವು. ಒಂದು ಕಿತ್ತು ಬಾಯಿಗೆ ಹಾಕಿದರು. ಕರುಂ ಅಂತು. ಎರಡನೇ ಸಾಲು ನೋಡಿದರು, ಮೂರನೇ ಸಾಲು ನೋಡಿದರು. ಕೊನೆಗೆ ತೊಟ್ಟಿ. ತೊಟ್ಟೀಲಿ ಹಾಸಿಗೆ. ಹಾಸಿಗೆ ಮೇಲೊಂದು ತಲೆ.

"ಯಾ ಅಲ್ಲಾ! ಏನಯ್ಯ ಇದು?"

ಆಗ ತಲೆ ಕಣ್ಣು ಬಿಟ್ಟಿತು. ನೀರು ಉಗುಳಿತು.

"ಲೇ ಪೆದ್ದ! ಮುಠ್ಠಾಳ! ನನ್ನೇ ನೆಟ್ಟೆಯೇನೋ!"

ಪಿಳ್ಳಪ್ಪ ಚೊಂಬು ಕೆಳಗಿಟ್ಟ. ಅಷ್ಟು ಸಿಹಿಯಾದ ಬೈಗುಳ ಅವನು ಕೇಳೇ ಇರಲಿಲ್ಲ.

ಸಾಬ್ರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡೇ ಅಂದರು, "ಆಯ್ತಮ್ಮ, ಸೊಪ್ಪು ಒಪ್ಪಿದೆ. ವಾರ ವಾರ ಬರ್ತೀನಿ. ಇವತ್ತು ಈ ಶೆಡ್ಡಲ್ಲಿ ಬೇರು ನೆನೆದಿರೋದಷ್ಟೂ ನಂದೇ. ಒಂದೂ ಬಿಡದೆ ಜೀಪಿಗೆ ಹಾಕಯ್ಯ!"

ಪಿಳ್ಳಪ್ಪನ ಮುಖ ಬಿಳಿಚಿಕೊಂಡಿತು. ತೊಟ್ಟಿಗೆ ಅಡ್ಡ ನಿಂತ. ಎರಡೂ ಕೈ ಅಗಲಿಸಿದ.

"ಸಾಲೆಲ್ಲ ತಗೊಳ್ಳಿ ಸಾಬ್ರೇ. ಇದೊಂದು ಕೊಡಲ್ಲ. ಈಗ ತಾನೇ ಚಿಗುರಿದೆ!"