ಮೂರೂವರೆ ಕಿಲೋದ ಕೂಸು

ಹೊಳೆಯ ಈ ದಡದಲ್ಲಿ ರಾಚಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಹಂಚಿನ ಚಾವಡಿ, ಒಂದು ಅಡುಗೆಮನೆ, ನಾಲ್ಕು ಹಳೆಯ ಕಂಪ್ಯೂಟರು, ನಾಲ್ವರು ಶಿಷ್ಯರು. ಜಪತಪ ಹುಡುಕಿಕೊಂಡು ಬಂದವರು ಎರಡು ದಿನ ಇದ್ದು, ರೊಟ್ಟಿ ಚೆನ್ನಾಗಿತ್ತೆಂದು ಹೇಳಿ ಹೊರಟುಬಿಡುತ್ತಿದ್ದರು.

ರಾಚಯ್ಯನವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಅಂಗೈಯಗಲದ ಸಣ್ಣ ಯಂತ್ರಗಳಿಗೆ ಬೇಕಾದ ಭಾಷೆಯನ್ನು ದೊಡ್ಡ ಕಂಪ್ಯೂಟರಿನಲ್ಲಿ ಸಿದ್ಧಮಾಡಿ ಕೊಡುವುದು. ಸಣ್ಣ ಯಂತ್ರಕ್ಕೆ ತನ್ನ ಭಾಷೆಯನ್ನು ತಾನೇ ಕಂಪೈಲ್ ಮಾಡಿಕೊಳ್ಳುವಷ್ಟು, ಅಂದರೆ ಬರೆದ ಸಾಲುಗಳನ್ನು ತಾನು ನಡೆಸಬಲ್ಲ ರೂಪಕ್ಕೆ ತಿರುಗಿಸಿಕೊಳ್ಳುವಷ್ಟು, ತ್ರಾಣವಿರುವುದಿಲ್ಲ. ಅಡುಗೆ ಇಲ್ಲಿ ಆಗಬೇಕು, ಊಟ ಅಲ್ಲಿ.

ಹಾಲೇಶ ಮೂರು ವರ್ಷದಿಂದ ಆ ವಿದ್ಯೆ ಕಲಿಯುತ್ತಿದ್ದ. ಜಾಣ. ತಾನು ಜಾಣನೆಂಬುದು ಅವನಿಗೂ ಗೊತ್ತಿತ್ತು, ತೊಂದರೆ ಅದೊಂದೇ.

ಆ ವರ್ಷ ಅವನ ಪಾಲಿಗೆ ಬಂದದ್ದು ಗಂಗವ್ವನ ಕೆಲಸ. ಗಂಗವ್ವ ಆಚೆ ದಡದ ಊರುಗಳಲ್ಲಿ ಔಷಧಿ ಚೀಲ ಹೊತ್ತು ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆ. ಹೊಳೆ ತುಂಬಿತೆಂದರೆ ಒಂದೂವರೆ ತಿಂಗಳು ಆ ಊರುಗಳಿಗೆ ಡಾಕ್ಟರೂ ಹೋಗುವಂತಿಲ್ಲ. ಈ ಮಳೆಗಾಲಕ್ಕೆ ಅಲ್ಲಿನ ಐದು ಊರಿಗೆ ಅದೇ ಕೆಲಸಕ್ಕೆ ಐವರು ಹೊಸ ಹುಡುಗಿಯರು ಬಂದಿದ್ದರು. ಅವರಿಗೆಂದು ಐದು ಕೈಯಂತ್ರಗಳು. ಕೂಸಿನ ತೂಕ ಒತ್ತಿದರೆ ಜ್ವರದ ಔಷಧಿ ಎಷ್ಟು ಹನಿ ಹಾಕಬೇಕೆಂದು ಯಂತ್ರ ಹೇಳಬೇಕು. ಔಷಧಿ ಬದಲಾದರೆ ಅದರ ಸಾಲುಗಳನ್ನು ಹೊಳೆ ದಾಟದೆ ಅವರೇ ಕನ್ನಡದಲ್ಲಿ ತಿದ್ದಿಕೊಳ್ಳಬೇಕು. ಅದಕ್ಕಾಗಿ ಯಂತ್ರದೊಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಭಾಷೆ ಕೂತಿರಬೇಕು.

ಕೂರಿಸುವುದು ಹಾಲೇಶನ ಕೆಲಸ. ಅದು ಮುಗಿದರೆ ತನ್ನ ವಿದ್ಯೆಯೂ ಮುಗಿದಂತೆ ಎಂದು ಅವನ ಎಣಿಕೆ.

ಸೋಮವಾರ ಬೆಳಿಗ್ಗೆ ಅವನು ಯಂತ್ರವನ್ನು ಗುರುಗಳ ಮುಂದಿಟ್ಟ.

“ಮುಗೀತ್ರಿ ಗುರುಗಳೇ.”

“ಪರೀಕ್ಷಾ ಮಾಡಿದೇನು?”

“ಸಾವಿರದ ಇನ್ನೂರು ಪರೀಕ್ಷಾ. ಒಂದೂ ತಪ್ಪಿಲ್ರಿ.”

“ಎಲ್ಲಿ ಮಾಡಿದಿ?”

“ನನ್ನ ಕಂಪ್ಯೂಟರ್‌ನಾಗ. ಕೈಯಂತ್ರದಾಗೂ ಐದು, ಆರು, ಹತ್ತು ಕಿಲೋ ಒತ್ತಿ ನೋಡೇನ್ರಿ. ಬರೋಬ್ಬರಿ ಐತಿ.”

ಗುರುಗಳು ಹೊಳೆಯ ಕಡೆ ನೋಡಿದರು. “ಗಂಗವ್ವ ಬರಾಕತ್ತಾಳ. ಆಕಿ ಕೈಗೆ ಕೊಡು,” ಎಂದರು.

ಆಶ್ರಮದ ಕಟ್ಟಳೆ ಅದು. ಬಳಸುವವರು ಬಂದು ಕೂತು ಒತ್ತಿ ನೋಡದೆ ಯಾವ ಯಂತ್ರವೂ ಹೊಳೆ ದಾಟುವಂತಿರಲಿಲ್ಲ. ಹಾಲೇಶನಿಗೆ ಅದು ಶಾಸ್ತ್ರಕ್ಕೆ ಮಾಡುವ ಕೆಲಸವಾಗಿ ಕಾಣುತ್ತಿತ್ತು.

ಗಂಗವ್ವ ಹರಿಗೋಲಿನಿಂದ ಇಳಿದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಕೂತಳು. ಇಪ್ಪತ್ತೆರಡು ವರ್ಷ ಕೂಸುಗಳಿಗೆ ಔಷಧಿ ಹಾಕಿದವಳು. ಹನಿಯ ಲೆಕ್ಕ ಅವಳಿಗೆ ಬಾಯಿಪಾಠ.

ಐದು ಕಿಲೋ ಒತ್ತಿದಳು. ಸರಿಯಾಗಿ ಬಂತು. ಹಾಲೇಶ ಗುರುಗಳ ಮುಖ ನೋಡಿದ.

ಮೂರೂವರೆ ಒತ್ತಿದಳು. ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು.

“ಏನಂತೈತಿ?” ಎಂದು ಗುರುಗಳು ಕೇಳಿದರು.

“ಸೊನ್ನಿ ಹನಿ ಅಂತೈತ್ರಿ. ಮೂರೂವರಿ ಕಿಲೋ ಕೂಸಿಗೆ ಔಷಧಿ ಬ್ಯಾಡಂತ.”

ಹಾಲೇಶ ಯಂತ್ರವನ್ನು ಈಸಿಕೊಂಡು ತಾನೇ ಒತ್ತಿದ. ನಾಲ್ಕಕ್ಕೆ ಸರಿಯಾದ ಉತ್ತರ. ನಾಲ್ಕೂಕಾಲಿಗೆ ಸೊನ್ನೆ. ಎರಡೂವರೆಗೂ ಸೊನ್ನೆ.

“ನನ್ನ ಕಂಪ್ಯೂಟರ್‌ನಾಗ ಸರಿ ಐತಲ್ರಿ,” ಎಂದ.

“ಇರಬಹುದಪ್ಪಾ,” ಎಂದಳು ಗಂಗವ್ವ. “ಆದ್ರ ನಮ್ಮ ಕಡೆ ಕೂಸುಗಳು ಪೂರಾ ಕಿಲೋ ನೋಡಿ ಹುಟ್ಟೂದಿಲ್ಲ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಾಲೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಂದೇನೋ ನಡೀತೈತಿ. ಆ ಹುಡಿಗ್ಯಾರು ಯಂತ್ರ ಏನ್ ಹೇಳ್ತೈತೋ ಅದನ್ನ ನಂಬ್ತಾರ,” ಎಂದಳು. “ನಾಳೆ ಮಧ್ಯಾಹ್ನದ ಹರಿಗೋಲೇ ಕಡೀದಂತ. ಮ್ಯಾಲೆ ಮಳಿ ಹಿಡದೈತಿ. ಅಷ್ಟರಾಗ ಆಗಲಿಲ್ಲಂದ್ರ ಅವರು ಬರೀ ಕೈಲೇ ಮನಿಮನಿ ತಿರುಗಬೇಕು.”

ಹಾಲೇಶ ಚಾವಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ತಾನು ಬರೆದ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಕೊನೆಯಿಂದ ಮೊದಲಿಗೂ ಓದಿದ. ಎಲ್ಲೂ ತಪ್ಪು ಸಿಗಲಿಲ್ಲ. ಪರದೆಯ ಮೇಲೆ ಸೊನ್ನೆ ಕಂಡು ಔಷಧಿ ಬೇಡವೆಂದು ಎದ್ದು ಹೋಗುವ ಒಬ್ಬ ಹುಡುಗಿ, ತೊಟ್ಟಿಲಲ್ಲಿ ಕಾದು ಕೆಂಡವಾದ ಒಂದು ಕೂಸು, ಇವೆರಡೇ ಅವನ ಕಣ್ಣಮುಂದೆ ಬರತೊಡಗಿದವು.

ಮಧ್ಯಾಹ್ನ ಗುರುಗಳು ಅಡುಗೆಮನೆಯಿಂದ ಕೂಗಿದರು. “ಹಾಲೇಶಾ, ಗಂಗವ್ವ ಎಷ್ಟು ರೊಟ್ಟಿ ಉಣ್ತಾಳ?”

“ಮೂರು,” ಎಂದ ಅವನು, ಪರದೆಯಿಂದ ತಲೆ ಎತ್ತದೆ.

ಎಲ್ಲರೂ ಊಟಕ್ಕೆ ಕೂತರು. ಗುರುಗಳು ಗಂಗವ್ವನ ತಾಟಿಗೆ ಮೂರು ರೊಟ್ಟಿ ಬಡಿಸಿದರು. ಅವಳು ತಾಟನ್ನು ಮೆಲ್ಲಗೆ ಹಿಂದೆ ಸರಿಸಿದಳು.

“ತಪ್ಪು ತಿಳೀಬ್ಯಾಡ್ರಿ. ಇವತ್ತ ಸೋಮವಾರ, ನಂದು ಒಪ್ಪತ್ತು. ಸಂಜೀಕ ಉಣ್ತೀನಿ.”

ಗುರುಗಳು ಶಿಷ್ಯನ ಕಡೆ ತಿರುಗಿದರು. “ಮೂರು ಅಂದ್ಯಲ್ಲೋ.”

“ನಾ ಮೂರು ಉಣ್ತೀನ್ರಿ. ಅದಕ್ಕ ಹಂಗಂದೆ.”

“ಆಕಿ ಇಲ್ಲೇ ಕಟ್ಟಿ ಮ್ಯಾಲೆ ಕುಂತಿದ್ಲಲ್ಲೋ.”

ಗುರುಗಳು ಆ ಮೂರು ರೊಟ್ಟಿಗಳನ್ನೂ ಎತ್ತಿ ಹಾಲೇಶನ ತಾಟಿಗೆ ಹಾಕಿದರು. ಅಲ್ಲಿ ಅವನ ಮೂರು ಆಗಲೇ ಇದ್ದವು.

“ಯಾರ ಹೊಟ್ಟೀನ ಕೇಳಿದ್ಯೋ, ಅದೇ ಉಣ್ಣಲಿ,” ಎಂದರು.

ತಾಟಿಗೆ ಬಿದ್ದದ್ದನ್ನು ಬಿಡುವಂತಿಲ್ಲವೆಂಬುದು ಆಶ್ರಮದ ಇನ್ನೊಂದು ಕಟ್ಟಳೆ. ಉಳಿದ ಶಿಷ್ಯರು ಪಲ್ಯದ ಕಡೆ ನೋಡುತ್ತಾ ನಗು ನುಂಗಿಕೊಂಡರು. ಹಾಲೇಶ ಉಣ್ಣತೊಡಗಿದ. ನಾಲ್ಕನೆಯ ರೊಟ್ಟಿ ಹೇಗೋ ಇಳಿಯಿತು. ಐದನೆಯದರ ನಡುವೆ ಅವನ ದವಡೆ ನಿಂತುಬಿಟ್ಟಿತು.

ಭಾಷೆಯನ್ನು ಕಂಪೈಲ್ ಮಾಡುವುದಕ್ಕೆ ಮೊದಲು ಒಂದು ಪ್ರಶ್ನೋತ್ತರ ನಡೆಯುತ್ತದೆ. ಸಂಖ್ಯೆಗೆ ಎಷ್ಟು ಜಾಗ ಕೊಡುತ್ತೀ? ದಶಮಾಂಶದ ಸಂಖ್ಯೆಯನ್ನು ಎರಡು ತುಂಡು ಮಾಡಿ ಇಡುವಾಗ ಯಾವ ತುಂಡನ್ನು ಮೊದಲು ಇಡುತ್ತೀ? ಇಂಥ ನಲವತ್ತೇಳು ಪ್ರಶ್ನೆಗಳು. ಅವು ತಮ್ಮಷ್ಟಕ್ಕೆ ತಾವೇ ನಡೆದುಹೋಗುವುದರಿಂದ ಹಾಲೇಶ ಯಾವತ್ತೂ ಅವುಗಳ ಕಡೆ ಗಮನ ಕೊಟ್ಟವನಲ್ಲ. ಪ್ರಶ್ನೆ ಯಾರಿಗೆ ಹೋಗುತ್ತಿತ್ತು? ಕಂಪೈಲ್ ನಡೆಯುತ್ತಿದ್ದ ದೊಡ್ಡ ಕಂಪ್ಯೂಟರಿಗೆ. ಅದು ತನ್ನ ರೂಢಿಯನ್ನು ಹೇಳಿತ್ತು. ಆ ಉತ್ತರಗಳನ್ನೇ ಕೈಯಂತ್ರದ ಉತ್ತರಗಳೆಂದು ಬರೆದುಕೊಂಡು ಭಾಷೆ ತಯಾರಾಗಿತ್ತು.

“ಗುರುಗಳೇ,” ಎಂದ ಹಾಲೇಶ, ಬಾಯಲ್ಲಿದ್ದದ್ದನ್ನು ನುಂಗಿ. “ಕೈಯಂತ್ರಾನ ಯಾರೂ ಕೇಳೇ ಇಲ್ರಿ.”

“ಹಂಗಾರ ಆರನೇ ರೊಟ್ಟಿ ನನ್ನ ತಾಟಿಗೆ ಹಾಕು. ಎದ್ದು ಹೋಗಿ ಕೇಳು.”

ಅವನು ಕೇಳಿದ. ಒಂದೊಂದು ಪ್ರಶ್ನೆಗೂ ಒಂದೊಂದು ಚಿಕ್ಕ ತುಣುಕು ಬರೆದು, ಅದನ್ನು ಕೈಯಂತ್ರಕ್ಕೆ ಇಳಿಸಿ, ಅದು ನಿಧಾನವಾಗಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕಂಪ್ಯೂಟರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿದ್ದ ಪ್ರಶ್ನೋತ್ತರಕ್ಕೆ ಇಲ್ಲಿ ಅರ್ಧ ದಿನ ಹಿಡಿಯುವಂತಿತ್ತು.

ಹದಿನೆಂಟನೆಯ ಪ್ರಶ್ನೆಯ ಉತ್ತರ ಅವನಿಗೆ ಗೊತ್ತಿತ್ತು. ಕೇಳದೆ ಬರೆಯಲು ಹೊರಟ. ಹೊಟ್ಟೆಯಲ್ಲಿದ್ದ ಐದು ರೊಟ್ಟಿಗಳು ಅವನ ಕೈ ಹಿಡಿದವು. ಕೇಳಿದ. ಅಂದುಕೊಂಡದ್ದೇ ಬಂತು.

ಹತ್ತೊಂಬತ್ತನೆಯದರ ಉತ್ತರವೂ ಗೊತ್ತಿತ್ತು. ಯಾವ ತುಂಡು ಮೊದಲು ಎಂಬ ಪ್ರಶ್ನೆ ಅದು. ಕೇಳಿದ. ಅವನ ಕಂಪ್ಯೂಟರು ಇಡುವುದಕ್ಕೆ ಪೂರ್ತಿ ತಿರುಗುಮುರುಗಾಗಿ ಇಡುವುದು ತನ್ನ ಪದ್ಧತಿ ಎಂದು ಕೈಯಂತ್ರ ಹೇಳಿತು. ಪೂರ್ಣಸಂಖ್ಯೆಗೆ ತುಂಡುಗಳಿಲ್ಲ, ಅದಕ್ಕೇ ನಾಲ್ಕು, ಐದು ಸರಿಬಂದಿದ್ದವು; ಮೂರೂವರೆಯ ತುಂಡುಗಳು ಅದಲುಬದಲಾಗಿ ಸೊನ್ನೆಯಾಗಿತ್ತು.

ಹಾಲೇಶ ಆ ಯಂತ್ರವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಮೂರು ತಿಂಗಳಿಂದ ಅದು ಇದೇ ಮೇಜಿನ ಮೇಲಿತ್ತು. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿತ್ತು. ಈಗಲಾದರೂ ಹೇಳಿತಲ್ಲ ಎಂದು ಅವನಿಗೆ ಅದರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು.

ಸಂಜೆ ಅವನೇ ಎದ್ದು ಗಂಗವ್ವನ ಬಳಿಗೆ ಹೋದ. “ಅವ್ವಾರ, ಎಷ್ಟು ರೊಟ್ಟಿ ಹಾಕಲ್ರಿ?”

“ಒಂದೂವರಿ ಸಾಕಪ್ಪಾ,” ಎಂದಳು.

ಮರುದಿನ ಬೆಳಿಗ್ಗೆ ಉಳಿದ ಪ್ರಶ್ನೆಗಳು ಮುಗಿದವು. ಯಂತ್ರದ ಉತ್ತರಗಳನ್ನೇ ಇಟ್ಟುಕೊಂಡು ಹಾಲೇಶ ಭಾಷೆಯನ್ನು ಹೊಸದಾಗಿ ಕಂಪೈಲ್ ಮಾಡಿದ. ಐದೂ ಕೈಯಂತ್ರಗಳಿಗೆ ಇಳಿಸುವಷ್ಟರಲ್ಲಿ ಹೊಳೆಯ ನೀರು ಕೆಂಪಾಗಿ, ಕೆಳಗಿನ ಎರಡು ಮೆಟ್ಟಿಲು ಮುಳುಗಿದ್ದವು. ಅಂಬಿಗ ಬೇಗ ಬೇಗ ಎಂದು ಕೂಗುತ್ತಿದ್ದ.

ಗಂಗವ್ವ ಅವಸರ ಮಾಡಲಿಲ್ಲ. ಐದು ಯಂತ್ರಗಳನ್ನೂ ಸಾಲಾಗಿ ಇಟ್ಟುಕೊಂಡು ಮೂರೂವರೆ ಒತ್ತಿದಳು. ಎರಡೂಮುಕ್ಕಾಲು ಒತ್ತಿದಳು. ನಾಲ್ಕು ಕಿಲೋ ಮುನ್ನೂರು ಗ್ರಾಂ ಒತ್ತಿದಳು. ಪ್ರತಿ ಸಲವೂ ತುಟಿಯಲ್ಲೇ ಎಣಿಸಿ ನೋಡಿದಳು. ಹಾಲೇಶ ಅವಳ ತುಟಿಯನ್ನೇ ನೋಡುತ್ತಿದ್ದ.

“ಈಗ ನನ್ನ ಲೆಕ್ಕಕ್ಕ ಹೊಂದ್ತೈತಿ ನೋಡಪ್ಪಾ,” ಎಂದಳು.

ಹಾಲೇಶನಿಗೆ ಕಣ್ಣು ತುಂಬಿ ಬಂತು. ಗುರುಗಳ ಕಾಲಿಗೆ ಬೀಳಲು ಬಾಗಿದ. ಗುರುಗಳು ಪಕ್ಕಕ್ಕೆ ಸರಿದುಬಿಟ್ಟರು.

“ನಾ ರೊಟ್ಟಿ ಬಡಿಸಿದಾಂವ ಅಷ್ಟ. ಮೂರೂವರಿ ಒತ್ತಿದಾಕಿ ಅಲ್ಲಿ ಕುಂತಾಳ.”

ಹಾಲೇಶ ತಿರುಗಿ ಗಂಗವ್ವನ ಕಾಲು ಮುಟ್ಟಿದ. “ಅವ್ವಾರ, ನಿನ್ನೆ ನೀವು ಒತ್ತಿ ನೋಡಿರದಿದ್ರ…” ಎಂದ.

“ಏಳಪ್ಪಾ,” ಎಂದು ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. “ನಾ ಇಪ್ಪತ್ತೆರಡು ವರ್ಷದಿಂದ ಹೊಳಿ ದಾಟಾಕತ್ತೀನಿ. ನನ್ನ ಮಾತು ಕೇಳಿ ಒಂದು ಸಾಮಾನು ತಿದ್ದಿ ಕೊಟ್ಟಾಂವ ನೀನೇ ಮೊದಲು. ನಿನ್ನ ಹೊಟ್ಟಿ ತಣ್ಣಗಿರಲಿ.”

ರಾಚಯ್ಯನವರು ಅವಳಿಗೆ ಎರಡೂ ಕೈ ಮುಗಿದರು. ಗುರುಗಳು ಹಾಗೆ ಕೈ ಮುಗಿದದ್ದನ್ನು ಹಾಲೇಶ ಮೂರು ವರ್ಷದಲ್ಲಿ ಕಂಡಿರಲಿಲ್ಲ.

ಯಂತ್ರಗಳನ್ನು ಚೀಲಕ್ಕೆ ತುಂಬಿ ಎಲ್ಲರೂ ದಡಕ್ಕೆ ಇಳಿದರು. ಗಂಗವ್ವ ಹರಿಗೋಲು ಹತ್ತಿ ಕೂತಳು. ಹಾಲೇಶ ಚೀಲವನ್ನು ಅವಳ ಕೈಗೆ ಕೊಡುವ ಮೊದಲು ಹಿಂದಿರುಗಿ ನೋಡಿದ. ಮೂರು ವರ್ಷದಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ.

“ಗುರುಗಳೇ, ಈಗರ ಹೇಳ್ರಿ. ನನ್ನ ವಿದ್ಯಾ ಮುಗೀತೇನ್ರಿ?”

ಗುರುಗಳು ಚೀಲವನ್ನು ತೆಗೆದು ಅವನ ಹೆಗಲಿಗೇ ಹಾಕಿದರು. ಹರಿಗೋಲಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

“ಇದು ಕಡೇ ಹರಿಗೋಲ್ರಿ,” ಎಂದ ಹಾಲೇಶ. “ಹೋದ್ರ ಒಂದೂವರಿ ತಿಂಗಳು ಬರಾಕ ಆಗಂಗಿಲ್ಲ.”

“ಹೌದು.”

“ಮತ್ತ ನನ್ನ ಪ್ರಶ್ನಿಗೆ ಉತ್ತರ ಹೇಳಲಿಲ್ರಿ.”

ರಾಚಯ್ಯನವರು ಅವನ ಬೆನ್ನ ಮೇಲೆ ಕೈಯಿಟ್ಟು ಹರಿಗೋಲಿನ ಕಡೆ ಮೆಲ್ಲಗೆ ನೂಕಿದರು.

“ನಾ ಈ ದಡದಾಂವಪ್ಪಾ. ಆ ದಡದ ಕೂಸಿನ್ನ ಕೇಳು.”